ಕ್ಯಾಂಟನ್ನಿನ ಬಾಗಿಲು ಹಾಕಿದವರು ಯಾರು?

ಮಾನ್ಯರೇ,

ಚೀನಾದ ಚಿಂಗ್ ಅರಸರು ಪಾಶ್ಚಾತ್ಯ ವರ್ತಕರಿಗೆ ವಿಧಿಸಿದ ಕಟ್ಟುಪಾಡುಗಳಿಂದ ಹಿಡಿದು ಬ್ರಿಟನ್ 1793ರಲ್ಲಿ ಚೀನಾಕ್ಕೆ ಕಳಿಸಿದ ಮೆಕಾರ್ಟ್ನಿ ರಾಯಭಾರದವರೆಗಿನ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. 1784ರಲ್ಲಿ ಬ್ರಿಟನ್ ಚಹಾದ ಸುಂಕವನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿದ ಮೇಲೆ ದಕ್ಷಿಣ ಚೀನಾದ ಕ್ಯಾಂಟನ್ (ಇಂದಿನ ಗುವಾಂಗ್‌ಝೌ) ಬಂದರಿನ ವಹಿವಾಟು ಹೇಗೆ ಬೆಳೆಯಿತೆಂಬುದನ್ನು ಚೆನ್ನಾಗಿ ವಿವರಿಸಿದ್ದೀರಿ, ಭಾಷೆಯೂ ಶುದ್ಧವಾಗಿದೆ. ಆದರೆ ಎರಡನೆಯ ಪುಟದಿಂದ ನನಗೆ ಸಿಟ್ಟು ಬರತೊಡಗಿತು. ಅದೇಕೆಂದು ತಿಳಿಸದೆ ಲೇಖನವನ್ನು ಹಿಂದಿರುಗಿಸುವುದು ಸರಿಯಲ್ಲ.

ನಿಮ್ಮ ವಾಕ್ಯವನ್ನೇ ನೋಡಿ: ‘1757ರಲ್ಲಿ ವಿದೇಶಿ ವ್ಯಾಪಾರವನ್ನು ಕ್ಯಾಂಟನ್‌ಗೆ ಸೀಮಿತಗೊಳಿಸಲಾಯಿತು.’ ಸೀಮಿತಗೊಳಿಸಿದವರು ಯಾರು, ಯಾರ ಒತ್ತಾಯಕ್ಕೆ? 1755ರಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಕ್ಯಾಂಟನ್ನನ್ನು ಬಿಟ್ಟು, ಚಹಾ ಮತ್ತು ರೇಷ್ಮೆ ಬೆಳೆಯುವ ಸೀಮೆಗೆ ಹತ್ತಿರವಾದ ನಿಂಗ್‌ಬೋ ಬಂದರಿಗೆ ಹೋಗತೊಡಗಿದ್ದವು. ಚಿಯೆನ್‌ಲಾಂಗ್ ಚಕ್ರವರ್ತಿ ಮೊದಲು ಅಲ್ಲಿನ ಸುಂಕವನ್ನು ಏರಿಸಿ ನೋಡಿದ, ಹಡಗುಗಳು ನಿಲ್ಲದಿದ್ದಾಗ ಆ ದಾರಿಯನ್ನೇ ಮುಚ್ಚಿದ. ಹಾಗೆ ಮುಚ್ಚಿದ್ದರಿಂದ ಆದಾಯ ಉಳಿದದ್ದು ಕ್ಯಾಂಟನ್ನಿನ ಅಧಿಕಾರಿಗಳಿಗೆ ಮತ್ತು ವರ್ತಕರಿಗೆ. ಅಷ್ಟೇ ಅಲ್ಲ, ಆ ಆಜ್ಞೆ ಕಡಲಿನಿಂದ ಬರುವ ಪಾಶ್ಚಾತ್ಯರಿಗೆ ಸಂಬಂಧಿಸಿದ್ದು. ರಷ್ಯನ್ನರು ಉತ್ತರದ ಕ್ಯಾಖ್ತಾದಲ್ಲಿ ಗಡಿ ವ್ಯಾಪಾರ ನಡೆಸುತ್ತಲೇ ಇದ್ದರು. ‘ವಿದೇಶಿ ವ್ಯಾಪಾರ’ ಎಂದು ಒಟ್ಟಾಗಿ ಬರೆದು ನೀವು ಅವರನ್ನು ಕಾಣದಂತೆ ಮಾಡಿದ್ದೀರಿ.

ಅದರ ಬೆನ್ನಿಗೇ ಬರುವ ವಾಕ್ಯ: ‘ಮನವಿ ಸಲ್ಲಿಸಿದ್ದಕ್ಕಾಗಿ ಜೇಮ್ಸ್ ಫ್ಲಿಂಟ್‌ನನ್ನು ಶಿಕ್ಷಿಸಲಾಯಿತು.’ ಕಂಪನಿಯ ದುಭಾಷಿಯಾಗಿದ್ದ ಫ್ಲಿಂಟ್ 1759ರಲ್ಲಿ ತಿಯಾನ್‌ಜಿನ್‌ವರೆಗೆ ಹಡಗಿನಲ್ಲಿ ಹೋಗಿ, ಕ್ಯಾಂಟನ್ ಅಧಿಕಾರಿಗಳ ಸುಲಿಗೆಯ ಕುರಿತ ದೂರನ್ನು ಚಕ್ರವರ್ತಿಗೆ ಮುಟ್ಟಿಸಿದ. ಅರಸ ಆ ದೂರನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ತನಿಖೆ ಮಾಡಿಸಿ, ಸುಂಕದ ಮೇಲಧಿಕಾರಿಯನ್ನು ಹುದ್ದೆಯಿಂದ ತೆಗೆದ. ನಿಯಮ ಮೀರಿ ಉತ್ತರಕ್ಕೆ ಬಂದುದಕ್ಕಾಗಿ ಫ್ಲಿಂಟ್ ಮಕಾವ್‌ನಲ್ಲಿ ಮೂರು ವರ್ಷ ಸೆರೆಯಲ್ಲಿದ್ದ. ಆ ಮನವಿಯನ್ನು ಬರೆಯಲು ನೆರವಾದ ಲಿಯು ಯಾಬಿಯನ್ ಎಂಬ ಚೀನೀಯನ ತಲೆಯೇ ಹೋಯಿತು. ನಿಮ್ಮ ಲೇಖನದಲ್ಲಿ ಅವನ ಹೆಸರೇ ಇಲ್ಲ. ಇಡೀ ಪ್ರಸಂಗದಲ್ಲಿ ಅತಿ ದೊಡ್ಡ ಬೆಲೆ ತೆತ್ತವನನ್ನು ಬಿಟ್ಟು ಬರೆದ ಇತಿಹಾಸವನ್ನು ನಾನು ಹೇಗೆ ಅಚ್ಚು ಹಾಕಲಿ?

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಸರ್ಕಾರಿ ಪ್ರಕಟಣೆಗಳನ್ನು ಸುದ್ದಿಯಾಗಿ ತಿದ್ದುವುದು ಕಿರಿಯರ ಪಾಲಿಗೆ ಬರುತ್ತಿತ್ತು. ‘ನಿರ್ಧರಿಸಲಾಯಿತು’, ‘ತೆರವುಗೊಳಿಸಲಾಯಿತು’ ಎಂದು ಎಲ್ಲಿ ಕಂಡರೂ ಹಿರಿಯ ಉಪಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾರು?’ ಎಂದಷ್ಟೇ ಬರೆದು ಹಾಳೆಯನ್ನು ನನ್ನ ಮೇಜಿಗೆ ತಳ್ಳುತ್ತಿದ್ದರು. ತಾಲ್ಲೂಕು ಕಚೇರಿಗೆ ಫೋನು ಮಾಡಿ, ತೆರವಿಗೆ ಆದೇಶ ಕೊಟ್ಟವರು ಯಾರು, ಅಂಗಡಿ ಕಳೆದುಕೊಂಡವರು ಯಾರು ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ಸುದ್ದಿ ಹೆಚ್ಚಾಗಿ ಆ ಫೋನಿನಲ್ಲೇ ಸಿಗುತ್ತಿತ್ತು, ಪ್ರಕಟಣೆಯಲ್ಲಿ ಅಲ್ಲ. ಅವರು ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ, ಆದರೆ ಆ ಕೆಂಪು ಶಾಯಿ ಇವತ್ತಿಗೂ ನನ್ನ ಕೈಯಲ್ಲಿದೆ.

ಮುಂದಿನ ಸಾಲು: ‘ವರ್ತಕರ ಮೇಲೆ ಅವಮಾನಕರ ನಿಯಮಗಳನ್ನು ಹೇರಲಾಯಿತು.’ ಹೇರಿದವನಿಗೆ ಹೆಸರಿದೆ: 1759ರಲ್ಲಿ ಪ್ರಾಂತ್ಯಾಧಿಪತಿಯಾಗಿದ್ದ ಲಿ ಶಿಯಾವ್. ಪರದೇಶಿಗಳು ವ್ಯಾಪಾರದ ಋತು ಮುಗಿದ ಮೇಲೆ ಕ್ಯಾಂಟನ್ನಿನಲ್ಲಿ ಉಳಿಯುವಂತಿರಲಿಲ್ಲ, ಅಧಿಕಾರಿಗಳಿಗೆ ಹೇಳುವುದನ್ನೆಲ್ಲ ಸರ್ಕಾರದ ಪರವಾನಗಿ ಪಡೆದ ‘ಹಾಂಗ್’ ಎಂಬ ಚೀನೀ ವರ್ತಕರ ಮೂಲಕವೇ ಹೇಳಬೇಕಿತ್ತು. ಇದರಲ್ಲಿ ಅವಮಾನವಿತ್ತು, ಒಪ್ಪುತ್ತೇನೆ. ಆದರೆ ಪರದೇಶಿ ಹಡಗಿನ ಸುಂಕಕ್ಕೂ ನಾವಿಕರ ನಡತೆಗೂ ಹೊಣೆಯಾಗಬೇಕಾದವರು ಅದೇ ಹಾಂಗ್ ವರ್ತಕರು. ಅವರಲ್ಲಿ ಹೌಕ್ವಾನಂಥ ಒಬ್ಬಿಬ್ಬರು ಅಪಾರ ಸಂಪತ್ತು ಗಳಿಸಿದರೆ, ಹಲವರು ಪರದೇಶಿಯರ ಸಾಲದಲ್ಲಿ ಮುಳುಗಿದರು. ದಿವಾಳಿಯಾದವರಲ್ಲಿ ಕೆಲವರು ವಾಯವ್ಯದ ಗಡಿನಾಡಿಗೆ ಗಡಿಪಾರಾದರು. ನಿಮಗೆ ಇಂಗ್ಲಿಷರ ಮುಖಭಂಗ ಮಾತ್ರ ಕಂಡಿದೆ.

ಕೊನೆಗೆ ಮೆಕಾರ್ಟ್ನಿ. ‘ಅಹಂಕಾರಿ ಚಕ್ರವರ್ತಿಗೆ ಅಡ್ಡಬೀಳಲು ಒಪ್ಪದ ಕಾರಣ ರಾಯಭಾರ ವಿಫಲವಾಯಿತು’ ಎನ್ನುತ್ತೀರಿ. ಮೆಕಾರ್ಟ್ನಿ ತಾನು ಒಂದು ಮಂಡಿಯೂರಿದೆನೆಂದು ಬರೆದಿದ್ದಾನೆ, ಚಕ್ರವರ್ತಿ ಅವನನ್ನು ಭೇಟಿಯಾದದ್ದೂ ನಿಜ. ಅವನು ಕೇಳಿದ್ದು ನಿಂಗ್‌ಬೋ, ಝೌಶಾನ್, ತಿಯಾನ್‌ಜಿನ್‌ಗಳಲ್ಲಿ ವ್ಯಾಪಾರ, ಸರಕಿಗಾಗಿ ಒಂದು ಪುಟ್ಟ ದ್ವೀಪ, ಬೀಜಿಂಗಿನಲ್ಲಿ ಖಾಯಂ ಪ್ರತಿನಿಧಿ. ಎರಡು ವರ್ಷದ ಬಳಿಕ, 1795ರಲ್ಲಿ, ಡಚ್ಚರ ರಾಯಭಾರಿ ಐಸಾಕ್ ಟಿಟ್ಸಿಂಗ್ ಅದೇ ಅರಸನ ಮುಂದೆ ಮತ್ತೆ ಮತ್ತೆ ಅಡ್ಡಬಿದ್ದ. ವ್ಯಾಪಾರದಲ್ಲಿ ಅವನಿಗೂ ಏನೂ ದಕ್ಕಲಿಲ್ಲ. ಹಾಗಾದರೆ ನಿರಾಕರಣೆಯ ಕಾರಣವನ್ನು ಮಂಡಿಯಲ್ಲಿ ಹುಡುಕದೆ ಬೇಡಿಕೆಗಳಲ್ಲಿ ಹುಡುಕಬೇಕು. (ಈ ಮೆಕಾರ್ಟ್ನಿಯೇ 1784ರಲ್ಲಿ ಟಿಪ್ಪುವಿನೊಂದಿಗೆ ಮಂಗಳೂರು ಒಪ್ಪಂದವಾದಾಗ ಮದ್ರಾಸಿನ ಗವರ್ನರ್ ಆಗಿದ್ದವನು. ಕನ್ನಡದ ಓದುಗರಿಗಾಗಿ ಬರೆಯುವಾಗ ಇದನ್ನು ಹೇಗೆ ಬಿಟ್ಟಿರೋ ತಿಳಿಯದು.)

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ಫ್ಲಿಂಟ್‌ನ ಭಾಗವನ್ನಷ್ಟೇ ಹೊಸದಾಗಿ ಬರೆದು ಕಳಿಸಿ, ಪ್ರತಿ ಕ್ರಿಯಾಪದಕ್ಕೂ ಅದನ್ನು ಮಾಡಿದವನನ್ನು ಹುಡುಕಿಕೊಟ್ಟು. ಲಿಯು ಯಾಬಿಯನ್‌ಗೆ ಕನಿಷ್ಠ ಒಂದು ಪ್ಯಾರಾ ಇರಲಿ. ಅದು ಸರಿಯಾಗಿ ಬಂದರೆ ಮೆಕಾರ್ಟ್ನಿಯ ಭಾಗಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ ವಿಶ್ವಾಸಿ,
ಸಂಪಾದಕ