ಜಿಜಾನ್‌ನಿಂದ ಬಂದ ಸಂದೇಶ, ಹಟ್ಟಿಯಲ್ಲಿ ಕಂದು ಹಾಕಿದ ದನ

ಕಾರ್ಕಳದ ಸ್ನೇಹಿತರೇ, ಏಳು ತಿಂಗಳ ಗಬ್ಬದ ಜೆರ್ಸಿ ಕ್ರಾಸ್ ದನ ಕಂದು ಹಾಕಿತು (ಗರ್ಭಪಾತವಾಯಿತು) ಎಂದು ಬರೆದಿದ್ದೀರಿ. ಅದೇ ವಾರ ಸೌದಿಯ ಜಿಜಾನ್‌ನಲ್ಲಿರುವ ನಿಮ್ಮ ಭಾವ, ಸೊಳ್ಳೆಯಿಂದ ಜಾನುವಾರುಗಳು ಕಂದು ಹಾಕುವ, ಮನುಷ್ಯರಿಗೂ ತಗಲುವ ರೋಗದ ಬಗ್ಗೆ ಸಂದೇಶ ಕಳುಹಿಸಿದ್ದಾರೆ. ಇದು ಅದೇ ಇರಬಹುದೇ, ದನವನ್ನು ಮಾರಿಬಿಡಲೇ ಎಂಬುದು ನಿಮ್ಮ ಪ್ರಶ್ನೆ. ಅದಲ್ಲ, ಮಾರಬೇಡಿ. ಆದರೆ ಕಂದನ್ನೂ ಕಸವನ್ನೂ (ಮಾಸು) ಬರಿಗೈಯಲ್ಲಿ ಎತ್ತಿ ತೋಡಿನ ಬದಿಗೆ ಎಸೆದೆ ಎಂದು ಕೊನೆಯಲ್ಲಿ ಸುಮ್ಮನೆ ಸೇರಿಸಿದ್ದೀರಲ್ಲ, ಆ ಸಾಲು ನನ್ನನ್ನು ಭಾವನ ಸಂದೇಶಕ್ಕಿಂತ ಹೆಚ್ಚು ಹೆದರಿಸಿತು.

ಭಾವ ಹೇಳಿದ್ದು ರಿಫ್ಟ್ ವ್ಯಾಲಿ ಜ್ವರ. 1931ರಲ್ಲಿ ಕೀನ್ಯಾದ ನೈವಾಶಾ ಸರೋವರದ ಹತ್ತಿರದ ಕುರಿ ಫಾರ್ಮಿನಲ್ಲಿ ಗುರುತಿಸಿದ ವೈರಸ್. ಈಡಿಸ್ ಜಾತಿಯ ಕೆಲವು ಸೊಳ್ಳೆಗಳ ಮೊಟ್ಟೆಯಲ್ಲೇ ಅದು ಉಳಿದು, ಒಣ ನೆಲದಲ್ಲಿ ವರ್ಷಗಟ್ಟಲೆ ಕಾದಿದ್ದು, ದೊಡ್ಡ ಮಳೆಗೆ ನೆರೆ ಬಂದಾಗ ಸೊಳ್ಳೆಯ ಜೊತೆಗೇ ಏಳುತ್ತದೆ. ಆಫ್ರಿಕಾದ ಹೊರಗೆ ಮೊದಲ ಬಾರಿಗೆ ಹಬ್ಬಿದ್ದು 2000ದಲ್ಲಿ, ಸೌದಿ ಮತ್ತು ಯೆಮನ್‌ನಲ್ಲಿ, ಅದೂ ಜಿಜಾನ್ ಕಡೆಯೇ. ಹಾಗಾಗಿ ಅಲ್ಲಿಯವರ ಭಯ ಸುಳ್ಳಲ್ಲ. ನಮ್ಮ ದೇಶದ ಜಾನುವಾರುಗಳಲ್ಲಿ ಅದು ಹಬ್ಬಿದ ದಾಖಲೆ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಅಂಟಿದ ದಾಖಲೆಯೂ ಇಲ್ಲದ ಕಾರಣ ಭಾವ ರಜೆಗೆ ಬರುವುದಕ್ಕೆ ಅಡ್ಡಿಯಿಲ್ಲ.

ಲಕ್ಷಣವೂ ಹೊಂದುವುದಿಲ್ಲ. ಆ ರೋಗ ಬಂದರೆ ಹಿಂಡಿಗೆ ಹಿಂಡೇ ಕಂದು ಹಾಕುತ್ತದೆ. ಎರಡು ತಿಂಗಳ ಗಬ್ಬ, ಐದು ತಿಂಗಳ ಗಬ್ಬ ಎಂಬ ಭೇದವಿಲ್ಲ. ಎಳೆಯ ಕುರಿಮರಿಗಳು ನೂರಕ್ಕೆ ತೊಂಬತ್ತರಂತೆ ಸಾಯುತ್ತವೆ. ನಿಮ್ಮ ಹಟ್ಟಿಯಲ್ಲಿ ಒಂದೇ ದನ, ಅದೂ ಕೊನೆಯ ತಿಂಗಳುಗಳಲ್ಲಿ. ಪಕ್ಕದ ಕರು ಚೆನ್ನಾಗಿದೆ ಎಂದು ನೀವೇ ಬರೆದಿದ್ದೀರಿ.

ಆ ರೋಗದಿಂದ ನಾವು ಕಲಿಯಬೇಕಾದದ್ದು ಬೇರೆ ಇದೆ. ದೂರು ಸೊಳ್ಳೆಯ ಮೇಲಿದ್ದರೂ, ಹೆಚ್ಚಿನ ಜನರಿಗೆ ಅದು ತಗಲುವುದು ರೋಗ ಬಂದ ಪ್ರಾಣಿಯ ರಕ್ತ, ಕಂದು, ಕಸ ಮುಟ್ಟಿದ ಕೈಯಿಂದ. ನಮ್ಮ ಊರಿನ ರೋಗಗಳ ದಾರಿಯೂ ಅದೇ. ಏಳನೆಯ ತಿಂಗಳಿನಲ್ಲಿ ಕಂದು ಬಿದ್ದರೆ ಮೊದಲ ಸಂಶಯ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಂದು ರೋಗ. ಎರಡನೆಯದು ಇಲಿಜ್ವರ; ಮಳೆಗಾಲದಲ್ಲಿ ಹಟ್ಟಿಗೂ ಹಿಂಡಿಯ ಡ್ರಮ್ಮಿಗೂ ಇಲಿ ಓಡಾಡುವ ನಮ್ಮ ಕರಾವಳಿಯಲ್ಲಿ ಇದನ್ನು ಮರೆಯುವ ಹಾಗಿಲ್ಲ. ಎರಡೂ ಮನುಷ್ಯರಿಗೆ ಬರುತ್ತವೆ. ಮುಂದಿನ ಕೆಲವು ವಾರಗಳಲ್ಲಿ ನಿಮಗೆ ಬಿಟ್ಟು ಬಿಟ್ಟು ಜ್ವರ, ಸಂಜೆಯ ಬೆವರು, ಸೊಂಟ ಮತ್ತು ಗಂಟುಗಳ ನೋವು ಕಾಣಿಸಿದರೆ, "ದನ ಕಂದು ಹಾಕಿತ್ತು, ಕೈಯಲ್ಲಿ ಮುಟ್ಟಿದ್ದೇನೆ" ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಇಲ್ಲಿ ಜ್ವರ ಎಂದ ಕೂಡಲೇ ಡೆಂಗಿ ಪರೀಕ್ಷೆ ನಡೆಯುತ್ತದೆ. ಹಟ್ಟಿಯ ಸುದ್ದಿ ಯಾರೂ ಕೇಳುವುದಿಲ್ಲ.

ಈಗಲಾದರೂ ತೋಡಿನ ಬದಿಗೆ ಹೋಗಿ ನೋಡಿ. ಉಳಿದದ್ದೇನಾದರೂ ಇದ್ದರೆ ಗ್ಲೌಸ್ ಹಾಕಿಕೊಂಡು ಎತ್ತಿ, ಬಾವಿಯಿಂದ ದೂರ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ನಾಯಿ ಎಳೆದರೆ ರೋಗ ಮೂರು ಮನೆ ದಾಟಿತೆಂದೇ ಲೆಕ್ಕ. ದನ ಮಲಗಿದ ಜಾಗದ ಸೊಪ್ಪು, ತರಗೆಲೆ ಗೊಬ್ಬರದ ಗುಂಡಿಗೆ ಬೇಡ, ಸುಟ್ಟುಬಿಡಿ. ನೆರಳು, ತೇವ ಇದ್ದಲ್ಲಿ ಬ್ರುಸೆಲ್ಲಾ ವಾರಗಟ್ಟಲೆ ಬದುಕುತ್ತದೆ. ನಮ್ಮ ಹಟ್ಟಿಗಳಲ್ಲಿ ನೆರಳಿಗೂ ತೇವಕ್ಕೂ ಏನು ಬರ! ಸ್ರಾವ ನಿಲ್ಲುವವರೆಗೆ ಆ ದನವನ್ನು ಬೇರೆ ಕಟ್ಟಿ, ಹಾಲನ್ನು ಕಡೆಯದಾಗಿ ಕರೆದು, ಚೆನ್ನಾಗಿ ಕುದಿಸಿಯೇ ಬಳಸಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸಗಳ ಹತ್ತಿರವೂ ಬರುವುದು ಬೇಡ.

ಸೊಳ್ಳೆಯ ವಿಷಯ ಕೇಳಿದ್ದೀರಿ, ಅದನ್ನೂ ಬರೆಯುತ್ತೇನೆ. ದನಗಳ ಮೂರು ದಿನದ ಜ್ವರ ಕಚ್ಚುವ ಕೀಟಗಳಿಂದಲೇ ಬರುತ್ತದೆ. ಚರ್ಮಗಂಟು ರೋಗಕ್ಕೆ ಸೊಳ್ಳೆಯ ಜೊತೆ ನೊಣ, ಉಣ್ಣೆಯೂ ಸೇರುತ್ತವೆ. ಮನುಷ್ಯರ ಮಟ್ಟಿಗೆ ಚಿಂತಿಸಬೇಕಾದದ್ದು ಜಪಾನೀಸ್ ಮೆದುಳು ಜ್ವರ. ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಕೊಕ್ಕರೆ, ಹಂದಿಗಳಿಂದ ತರುತ್ತದೆ. ದನದ ಮೈಯಲ್ಲಿ ಆ ವೈರಸ್ ಸೊಳ್ಳೆಗೆ ಮರಳಿ ದಾಟುವಷ್ಟು ಬೆಳೆಯುವುದಿಲ್ಲ, ಆದ್ದರಿಂದ ದನವನ್ನು ದೂರಬೇಡಿ. 2022ರ ಡಿಸೆಂಬರ್‌ನಲ್ಲಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಲಸಿಕೆ ಹಾಕಿದ್ದರು. ನಿಮ್ಮ ಮಕ್ಕಳಿಗೆ ಆಗಿದೆಯೇ ಎಂದು ಕಾರ್ಡ್ ನೋಡಿಕೊಳ್ಳಿ. ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿದು ಮಳೆ ಬಿಟ್ಟು ಬಿಟ್ಟು ಸುರಿಯುವ ಹೊತ್ತಿನಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರಿನ ಚಿಪ್ಪುಗಳನ್ನು ಕವುಚಿ ಹಾಕಿ. ಸೊಳ್ಳೆ ಮೊಟ್ಟೆ ಇಡಲು ಬೊಗಸೆ ನೀರು ಸಾಕು. ಗಂಜಲದ ತೊಟ್ಟಿಗೆ ಬಲೆ ಮುಚ್ಚಿ. ಸಂಜೆ ಹೊಗೆ ಹಾಕುವವರು ಕಿಟಕಿ ತೆರೆದಿಡಿ, ಉಸಿರು ಕಟ್ಟಿದ ದನ ಹಾಲು ಹೆಚ್ಚು ಕೊಡುವುದಿಲ್ಲ.

ಇನ್ನು ಮಾರಾಟ. ಕಾರಣ ಗೊತ್ತಾಗದೆ ಮಾರಿದರೆ ರೋಗವನ್ನೇ ಇನ್ನೊಬ್ಬರ ಹಟ್ಟಿಗೆ ಕಟ್ಟಿ ಬಂದಂತೆ. ಪಶು ಆಸ್ಪತ್ರೆಗೆ ಹೇಳಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ರಕ್ತದ ಮಾದರಿ ತೆಗೆಸಿ. ಕಂದು ಹಾಕಿದ ಹೊಸತರಲ್ಲಿ ರಕ್ತ ಪರೀಕ್ಷೆ ಏನೂ ತೋರಿಸದೆ ಹೋಗಬಹುದು, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಆ ಫಲಿತಾಂಶ ಬರುವವರೆಗೆ ಬೆದೆಗೆ ಬಂದರೂ ಹೋರಿಗೆ ಬಿಡಬೇಡಿ. ಹಟ್ಟಿಯಲ್ಲಿರುವ ಆ ಹೆಣ್ಣು ಕರುವಿಗೆ ನಾಲ್ಕು ತಿಂಗಳು ತುಂಬಿ ಎಂಟು ದಾಟಿಲ್ಲವಾದರೆ, ಜೀವಮಾನಕ್ಕೆ ಒಂದೇ ಸಲ ಹಾಕುವ ಕಂದು ರೋಗದ ಲಸಿಕೆಯ ಬಗ್ಗೆಯೂ ಡಾಕ್ಟರ್ ಬಂದಾಗಲೇ ಕೇಳಿ.