ಪಾರ್ಕ್ ತೆರೆಯುತ್ತದೆ ಎಂದು ನಂಬಿ ನಾನೂ ಸಹಿ ಹಾಕಿದ್ದೆ

ಚಂಡಮಾರುತಕ್ಕೆ ಸಿಕ್ಕಿ ಮುಚ್ಚಿರುವ ಮನರಂಜನಾ ಪಾರ್ಕಿನ ಎದುರಿಗೇ ಒಂದು ಅಂಗಡಿ ಅಗ್ಗದ ಬಾಡಿಗೆಗೆ ಬಂದಿದೆ, ಪಾರ್ಕ್ ಮತ್ತೆ ತೆರೆಯಲು ಎಷ್ಟು ವರ್ಷ ಹಿಡಿಯಬಹುದು, ಅಲ್ಲಿಯವರೆಗೆ ತಡೆದುಕೊಂಡರೆ ಲಾಭವಿದೆಯೇ ಎಂದು ಕೇಳಿದ್ದೀರಿ. ಒಂದು ಸಲ ಓದಿ ಸುಮ್ಮನಾದೆ. ಮತ್ತೆ ಓದಿ ಹೆಂಡತಿಯನ್ನು ಕರೆದು ತೋರಿಸಿದೆ. "ಇದನ್ನು ನೀವೇ ಬರೆದಂತಿದೆಯಲ್ಲ" ಎಂದಳು.

ನನ್ನ ಅಂಗಡಿ ಇದ್ದದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪೂರ್ವ ಭಾಗದಲ್ಲಿ, ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನ ಗೇಟಿನಿಂದ ಕಾರಿನಲ್ಲಿ ಐದು ನಿಮಿಷದ ದೂರದಲ್ಲಿ. ಆ ಪಾರ್ಕ್ 2000ದ ಮೇ ತಿಂಗಳಲ್ಲಿ ಜಾಝ್‌ಲ್ಯಾಂಡ್ ಎಂಬ ಹೆಸರಿನಲ್ಲಿ ಆರಂಭವಾಗಿತ್ತು. ಎರಡೇ ವರ್ಷಕ್ಕೆ ದಿವಾಳಿಯ ಅರ್ಜಿ ಸಲ್ಲಿಸಿತು. 2002ರಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಕಂಪನಿ ಅದನ್ನು 75 ವರ್ಷದ ಗುತ್ತಿಗೆಗೆ ಪಡೆದು, 2003ರಲ್ಲಿ ತನ್ನ ಹೆಸರಿನ ಫಲಕ ಹಾಕಿತು. ಫಲಕ ಏರಿದ ವರ್ಷವೇ ನಾನು ಆ ಅಂಗಡಿ ಹಿಡಿದೆ. ಅದಕ್ಕೆ ಮೊದಲು ಪಕ್ಕದ ಮೆಟೈರಿ ಊರಿನ ಒಂದು ಮೋಟೆಲಿನಲ್ಲಿ ಲೆಕ್ಕ ಬರೆದುಕೊಂಡಿದ್ದೆ. ಹಿಂದಿನ ವರ್ಷ ಮುಳುಗಿದ ಹಡಗಿಗೆ ಹೊಸ ಬಣ್ಣ ಹೊಡೆದಿದ್ದಾರೆ ಎಂದು ಲೆಕ್ಕ ಬರೆಯುವವನಿಗೆ ಹೊಳೆಯಬೇಕಿತ್ತು. ನನಗೆ ಕಂಡದ್ದು ಬಣ್ಣ ಮಾತ್ರ.

ವ್ಯಾಪಾರ ಚೆನ್ನಾಗಿಯೇ ಇತ್ತು ಎನ್ನಿ. ಐಸ್ ಚೀಲ, ತಂಪು ಪಾನೀಯ, ಬಿಯರ್, ಮಕ್ಕಳ ಟೋಪಿ, ಒಂದು ಮೂಲೆಯಲ್ಲಿ ಸೀಗಡಿ ತುಂಬಿದ ಪೋ-ಬಾಯ್ ರೊಟ್ಟಿ. ಪಾರ್ಕಿನ ಒಳಗಿನ ಬೆಲೆಗೆ ಬೇಸತ್ತವರೆಲ್ಲ ಹೊರಬಂದು ನನ್ನಲ್ಲಿ ಕೊಳ್ಳುತ್ತಿದ್ದರು. ಮೆಗಾ ಜೆಫ್ ಎಂಬ ಮರದ ರೋಲರ್ ಕೋಸ್ಟರ್ ಅಂತರರಾಜ್ಯ ಹೆದ್ದಾರಿ 10ರಿಂದಲೇ ಕಾಣುತ್ತಿತ್ತು. ಮರದ ಕೋಸ್ಟರ್ ಎನ್ನುತ್ತಾರೆ, ಆದರೆ ಗೆದ್ದಲು ಮತ್ತು ಬಿರುಗಾಳಿಯ ಭಯಕ್ಕೆ ಅದರ ಅಸ್ಥಿಪಂಜರವನ್ನೆಲ್ಲ ಉಕ್ಕಿನಲ್ಲಿ ಕಟ್ಟಿದ್ದರು. ಬಿರುಗಾಳಿಗೆ ಅದು ನಿಜವಾಗಿಯೂ ಬೀಳಲಿಲ್ಲ. ನನ್ನನ್ನು ಮೋಸಗೊಳಿಸಿದ್ದೂ ಅದೇ.

2005ರ ಆಗಸ್ಟ್ 21, ಭಾನುವಾರ. ಶಾಲೆಗಳು ಶುರುವಾಗಿದ್ದರಿಂದ ಪಾರ್ಕ್ ವಾರಾಂತ್ಯದಲ್ಲಿ ಮಾತ್ರ ತೆರೆಯುತ್ತಿತ್ತು. ಸಂಜೆ ಐಸ್ ಖಾಲಿಯಾಯಿತು. ಮುಂದಿನ ವಾರಕ್ಕೆ ಹೆಚ್ಚು ಐಸ್ ತರಿಸಲು ಹೇಳಿದೆ. ಮುಂದಿನ ಭಾನುವಾರ ಬೆಳಿಗ್ಗೆ ಮೇಯರ್ ಊರು ಬಿಡಲು ಆದೇಶಿಸಿದಾಗ ನಾವು ಕಾರಿನಲ್ಲಿ ಹ್ಯೂಸ್ಟನ್ ದಾರಿಯಲ್ಲಿದ್ದೆವು, ಭಾವನ ಮನೆಗೆ. ಸೋಮವಾರ, 29ರಂದು, ಕತ್ರಿನಾ ಚಂಡಮಾರುತ ದಡ ಮುಟ್ಟಿತು.

ಗಾಳಿಯಿಂದ ಆದದ್ದು ಕಡಿಮೆ. ಒಡ್ಡುಗಳು ಒಡೆದು ನುಗ್ಗಿದ ನೀರು ಊರನ್ನು ಮುಳುಗಿಸಿತು. ಪಾರ್ಕಿನ ಸ್ಥಿತಿ ಇನ್ನೂ ವಿಚಿತ್ರ. ತಗ್ಗು ಜಾಗ, ಸುತ್ತಲೂ ನೆರೆ ತಡೆಯಲೆಂದೇ ಹಾಕಿದ ಮಣ್ಣಿನ ಏರಿ. ನೀರು ಏರಿಯನ್ನು ಹತ್ತಿ ಒಳಗೆ ಬಂತು, ಪಂಪುಗಳು ಕೆಟ್ಟವು, ಆಮೇಲೆ ಅದೇ ಏರಿ ನೀರನ್ನು ಹೊರಗೆ ಬಿಡಲಿಲ್ಲ. ನಾಲ್ಕರಿಂದ ಏಳು ಅಡಿ ಉಪ್ಪು ಬೆರೆತ ನೀರು ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಂತಿತು. ಮೋಟರು, ವೈರು, ಕಬ್ಬಿಣದ ಬುಡ, ಎಲ್ಲವೂ ಅದರಲ್ಲಿ ನೆನೆದವು. ಹೆದ್ದಾರಿಯಿಂದ ನೋಡಿದವನಿಗೆ ಕೋಸ್ಟರ್ ನೆಟ್ಟಗೆ ನಿಂತಿದೆ. ಗೇಟಿನ ಬಳಿಯ ಫಲಕದಲ್ಲಿ "ಬಿರುಗಾಳಿಯ ಕಾರಣ ಮುಚ್ಚಿದೆ" ಎಂಬ ಅಕ್ಷರಗಳೂ ಹಾಗೇ ಇವೆ, ನಾಳೆ ತೆಗೆದುಬಿಡುತ್ತಾರೆ ಎಂಬಂತೆ. ಆ ಅಕ್ಷರಗಳು ವರ್ಷಗಟ್ಟಲೆ ಅಲ್ಲಿಯೇ ಇದ್ದವು.

ನನ್ನ ಅಂಗಡಿಯ ಸಾಮಾನಿಗೆ ನೆರೆ ವಿಮೆ ಇತ್ತು. ಅಮೆರಿಕದಲ್ಲಿ ಗಾಳಿಗೆ ಒಂದು ವಿಮೆ, ನೆರೆಗೆ ಇನ್ನೊಂದು ಎಂದು ನಿಮಗೆ ಗೊತ್ತಿರಬಹುದು. ಅಕ್ಕಪಕ್ಕದ ಹಲವರ ಬಳಿ ಎರಡನೆಯದು ಇರಲಿಲ್ಲ. ನನ್ನ ಜಾಣತನಕ್ಕೆ ಎಲ್ಲರೂ ಬೆನ್ನು ತಟ್ಟಿದರು. ಈಗ ಯೋಚಿಸಿದರೆ, ಆ ಹಣ ಬಾರದೇ ಇದ್ದಿದ್ದರೆ ಹ್ಯೂಸ್ಟನ್‌ನಲ್ಲೇ ಉಳಿದು ಮತ್ತೆ ಯಾರದ್ದಾದರೂ ಲೆಕ್ಕ ಬರೆದುಕೊಂಡು ನೆಮ್ಮದಿಯಾಗಿರುತ್ತಿದ್ದೆ.

2006ರ ಮಧ್ಯದಲ್ಲಿ ಅಂಗಡಿ ಮತ್ತೆ ತೆರೆದೆ. ಅದೇ ಜುಲೈನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ತನ್ನ ಪಾರ್ಕ್ ಪೂರ್ತಿ ನಷ್ಟವೆಂದು ಹೇಳಿ ಗುತ್ತಿಗೆಯಿಂದ ಬಿಡಿಸಿಕೊಳ್ಳುವ ದಾರಿ ಹುಡುಕತೊಡಗಿತು. ನಗರಾಡಳಿತ ಬಿಡಲೊಪ್ಪಲಿಲ್ಲ. ಈ ಹಗ್ಗಜಗ್ಗಾಟವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನಗರ ಬಿಡುತ್ತಿಲ್ಲ ಎಂದರೆ ಕಂಪನಿ ಉಳಿಯಲೇಬೇಕು, ಉಳಿದರೆ ತೆರೆಯಲೇಬೇಕು. ನಂತರ ಬ್ಯಾಟ್‌ಮನ್ ಕೋಸ್ಟರನ್ನು ಬಿಚ್ಚಿ ಲಾರಿಗಳಲ್ಲಿ ಸಾಗಿಸಿದರು. ನನ್ನ ಅಂಗಡಿಯಲ್ಲಿ ನಿಂತು ಗಿರಾಕಿಗಳಿಗೆ ಗಟ್ಟಿಯಾಗಿ ಹೇಳಿದ್ದೆ, ರಿಪೇರಿಗೆ ಕಳಿಸುತ್ತಿದ್ದಾರೆ ಎಂದು! ಅದು 2008ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದ ಪಾರ್ಕಿನಲ್ಲಿ ಗೋಲಿಯಾತ್ ಎಂಬ ಹೆಸರು ಹೊತ್ತು ತಿರುಗತೊಡಗಿತು. ಮನೆ ಖಾಲಿ ಮಾಡುವವರು ಮೊದಲು ಒಯ್ಯುವುದು ತೂತಿಲ್ಲದ ಪಾತ್ರೆಗಳನ್ನು. ನಿಮ್ಮ ಪಾರ್ಕಿನಿಂದ ಏನಾದರೂ ಹೊರಗೆ ಹೋಗುತ್ತಿದ್ದರೆ ಅದು ಎಲ್ಲಿಗೆ ಹೋಗುತ್ತಿದೆ ಎಂದು ಲಾರಿ ಚಾಲಕನನ್ನೇ ಕೇಳಿ.

ಹಾಗಿದ್ದೂ ಎರಡೂವರೆ ವರ್ಷ ವ್ಯಾಪಾರ ನಡೆಯಿತು. ಮನೆಗಳ ಗೋಡೆ ಕೀಳುವವರು, ಚಾವಣಿ ಹೊದಿಸುವವರು, ಮೆಕ್ಸಿಕೊ ಮತ್ತು ಹೊಂಡುರಾಸ್‌ನಿಂದ ಬಂದ ಕೂಲಿಯವರು ಬೆಳಿಗ್ಗೆ ರೊಟ್ಟಿ, ಸಂಜೆ ಬಿಯರ್ ಮತ್ತು ಊರಿಗೆ ಮಾತನಾಡಲು ಫೋನ್ ಕಾರ್ಡ್ ಕೊಳ್ಳುತ್ತಿದ್ದರು. ಪಾರ್ಕ್ ಇಲ್ಲದೆಯೇ ಇಷ್ಟು, ಪಾರ್ಕ್ ಬಂದರೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ. ಕಟ್ಟುವ ಕೆಲಸ ಮುಗಿದರೆ ಕಟ್ಟುವವರು ಹೊರಟುಹೋಗುತ್ತಾರೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. 2009ರ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಸದ್ದು ಕಡಿಮೆಯಾಗಿತ್ತು. ನನ್ನ ಬಾಡಿಗೆ ಕರಾರು ಆ ಡಿಸೆಂಬರಿಗೆ ಮುಗಿಯುವುದರಲ್ಲಿತ್ತು. ದೇವರು ಬಾಗಿಲು ತೆರೆದು ನಿಂತಿದ್ದ, ಹೊರಗೆ ನಡೆದರೆ ಸಾಕಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

2009ರ ಜೂನ್‌ನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಕಂಪನಿಯೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಆಗಸ್ಟ್ 18ರಂದು ಹೊಸ ಘೋಷಣೆ: 165 ದಶಲಕ್ಷ ಡಾಲರ್ ವೆಚ್ಚದಲ್ಲಿ, ಮಕ್ಕಳ ಟಿವಿ ವಾಹಿನಿ ನಿಕಲೋಡಿಯನ್‌ನ ಹೆಸರಿನಲ್ಲಿ, ಜಲಕ್ರೀಡೆಯನ್ನೂ ಸೇರಿಸಿ ಪಾರ್ಕನ್ನು ಮತ್ತೆ ಕಟ್ಟುತ್ತಾರೆ, 2010ರ ಕೊನೆಗೆ ಸಿದ್ಧ. ಆ ಸುದ್ದಿಯ ಪತ್ರಿಕೆಯ ತುಂಡನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದೆ. ಒಂದೇ ವಾರದಲ್ಲಿ ಕಟ್ಟಡದ ಮಾಲೀಕ ಬಂದ. ಎರಡು ಆಯ್ಕೆ ಕೊಟ್ಟ. ತಿಂಗಳಿಂದ ತಿಂಗಳಿಗೆ ಬಾಡಿಗೆ, ಆದರೆ ದರ ಹೆಚ್ಚು. ಇಲ್ಲವೇ 2014ರ ಕೊನೆಯವರೆಗೆ ಐದು ವರ್ಷದ ಕರಾರು, ದರದಲ್ಲಿ ನೂರಕ್ಕೆ ಹತ್ತು ಕಡಿಮೆ. ನಾನು ಹತ್ತನ್ನು ನೋಡಿದೆ, ಐದು ವರ್ಷವನ್ನು ನೋಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದೆ.

ತಪ್ಪು ಸಹಿ ಹಾಕಿದ್ದಲ್ಲ. ಯಾರ ಪರವಾಗಿ ಹಾಕಿದೆ ಎಂಬುದು ತಪ್ಪು. ಅಂಗಡಿ ನನ್ನ ಎಲ್‌ಎಲ್‌ಸಿಯ ಹೆಸರಿನಲ್ಲಿತ್ತು, ಅಂದರೆ ಸೀಮಿತ ಹೊಣೆಯ ಒಂದು ಸಣ್ಣ ಕಂಪನಿ. ಆ ಕಂಪನಿಯ ಹೆಸರಿನಲ್ಲಷ್ಟೇ ಸಹಿ ಹಾಕಿದ್ದರೆ, ವ್ಯಾಪಾರ ಮುಳುಗಿದ ದಿನ ಕಂಪನಿ ಮುಳುಗುತ್ತಿತ್ತು. ಮಾಲೀಕನಿಗೆ ಸಿಗುವುದು ಎರಡು ಫ್ರಿಜ್, ಒಂದು ತೂಕದ ಯಂತ್ರ. ಆದರೆ ಕರಾರಿನ ಹದಿನಾಲ್ಕನೆಯ ಪುಟದಲ್ಲಿ ವೈಯಕ್ತಿಕ ಜಾಮೀನಿನ ಕಲಮು ಇತ್ತು. ಕಂಪನಿ ಬಾಡಿಗೆ ಕೊಡದಿದ್ದರೆ ನಾನು, ನನ್ನ ಉಳಿತಾಯ, ಅದೂ ಸಾಲದಿದ್ದರೆ ನನ್ನ ಮನೆ, ಐದು ವರ್ಷದ ಕೊನೆಯ ತಿಂಗಳವರೆಗೆ ಹೊಣೆ. 2003ರ ಕರಾರಿನಲ್ಲಿ ಅದು ಇರಲಿಲ್ಲ. ಹಳೆಯದೇ ಇರಬೇಕು ಎಂದು ಮೊದಲ ಪುಟದ ದರ ನೋಡಿ, ಕೊನೆಯ ಪುಟಕ್ಕೆ ಹಾರಿ, ಎರಡು ಕಡೆ ಸಹಿ ಹಾಕಿದೆ. ಎರಡು ಕಡೆ ಏಕೆ ಎಂದು ಕೇಳಲಿಲ್ಲ! ಒಂದು ಕಂಪನಿಯ ಸಹಿ, ಇನ್ನೊಂದು ನನ್ನ ಕುತ್ತಿಗೆಯ ಸಹಿ. ವಕೀಲನಿಗೆ ತೋರಿಸಲು ನಾನೂರು ಡಾಲರ್ ಆಗುತ್ತದೆ ಎಂದು ಹೆಂಡತಿ ವಿಚಾರಿಸಿ ಬಂದಿದ್ದಳು. ದಂಡದ ಖರ್ಚು ಎಂದು ನಾನೇ ಬೇಡವೆಂದೆ.

ಇದಕ್ಕಿಂತ ಸರಳವಾದ ಒಂದು ಉಪಾಯವಿತ್ತು, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. "ಪಾರ್ಕ್ ಇಂಥ ತಾರೀಖಿನೊಳಗೆ ಸಾರ್ವಜನಿಕರಿಗೆ ತೆರೆಯದಿದ್ದರೆ ಬಾಡಿಗೆದಾರನು ಅರವತ್ತು ದಿನದ ನೋಟಿಸು ಕೊಟ್ಟು ಬಿಡಬಹುದು." ಈ ಒಂದು ವಾಕ್ಯವನ್ನು ಸೇರಿಸಿ ಎಂದು ಕೇಳಬಹುದಿತ್ತು. ಮಾಲೀಕನೇ ಪಾರ್ಕ್ ಬರುವುದು ಖಚಿತ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ. ಖಚಿತವಾಗಿದ್ದರೆ ಆ ವಾಕ್ಯದಿಂದ ಅವನಿಗೆ ನಷ್ಟವಿಲ್ಲ. ಒಪ್ಪದಿದ್ದರೆ ಅವನಿಗೂ ನಂಬಿಕೆಯಿಲ್ಲ ಎಂದು ಅಲ್ಲೇ ತಿಳಿಯುತ್ತಿತ್ತು. ಕೇಳುವುದಕ್ಕೆ ಒಂದು ಕಾಸೂ ಖರ್ಚಿರಲಿಲ್ಲ.

ನವೆಂಬರ್‌ನಲ್ಲಿ ನಿಕಲೋಡಿಯನ್ ಹಿಂದೆ ಸರಿಯಿತು. ಯೋಜನೆ ಬಿತ್ತು. ನಾನು ಸಹಿ ಹಾಕಿ ಎರಡು ತಿಂಗಳೂ ಆಗಿರಲಿಲ್ಲ, ಹೊಸ ಕರಾರು ಆರಂಭವೂ ಆಗಿರಲಿಲ್ಲ. ಆ ಕಂಪನಿಗಳನ್ನು ನಾನು ಬೈಯುವುದಿಲ್ಲ. ಅವರು ನನಗೆ ಏನನ್ನೂ ಬರೆದುಕೊಟ್ಟಿರಲಿಲ್ಲ. ಬರೆದುಕೊಟ್ಟವನು ನಾನೊಬ್ಬನೇ.

2012ರ ಫೆಬ್ರವರಿಯಲ್ಲಿ ಬಾಗಿಲು ಹಾಕಿದೆ. ಉಳಿದ ಮೂವತ್ತನಾಲ್ಕು ತಿಂಗಳ ಬಾಡಿಗೆಗೆ ಮಾಲೀಕ ದಾವೆಯ ನೋಟಿಸು ಕಳಿಸಿದ. ರಾಜಿಯಾಯಿತು, ಮನೆ ಮಾರಿದ ಮೇಲೆ.

ಅಂಗಡಿಯ ಸಾಲಿನಲ್ಲೇ ಒಬ್ಬ ವಿಯೆಟ್ನಾಮಿ ಹಿರಿಯ ದಿನಸಿ ಅಂಗಡಿ ಇಟ್ಟಿದ್ದ. ಅವನ ಜನ ಪೂರ್ವ ನ್ಯೂ ಆರ್ಲಿಯನ್ಸ್‌ಗೆ ಎಲ್ಲರಿಗಿಂತ ಮೊದಲು ಹಿಂದಿರುಗಿದವರು. ತಮ್ಮ ಚರ್ಚಿನ ಸುತ್ತ ಸೇರಿ, ಸರ್ಕಾರದ ನಕ್ಷೆಗೆ ಕಾಯದೆ ಮನೆ ತೊಳೆದುಕೊಂಡರು. 2006ರ ಆರಂಭದಲ್ಲಿ ಕೆಲವು ತಗ್ಗು ಬಡಾವಣೆಗಳನ್ನು ಉದ್ಯಾನ ಮಾಡಬಹುದು ಎಂದು ಹಸಿರು ಚುಕ್ಕೆಗಳ ನಕ್ಷೆಯೊಂದು ಪತ್ರಿಕೆಯಲ್ಲಿ ಬಂದಾಗ ಊರೆಲ್ಲ ಕುದಿಯುತ್ತಿತ್ತು, ಇವರು ಆಗಲೇ ಹಿತ್ತಿಲಲ್ಲಿ ಸೊಪ್ಪು ಬೆಳೆಯುತ್ತಿದ್ದರು. ನನ್ನ ಗೋಡೆಯ ಪತ್ರಿಕೆಯ ತುಂಡನ್ನು ನೋಡಿ ಆ ಹಿರಿಯ ಕೇಳಿದ್ದು ಒಂದೇ ಮಾತು: "ಪಾರ್ಕಿಗೆ ಬಂದವರಲ್ಲಿ ನಿನಗೆ ಹೆಸರು ಗೊತ್ತಿರುವ ಗಿರಾಕಿ ಎಷ್ಟು ಜನ?" ಒಬ್ಬರೂ ಇರಲಿಲ್ಲ. ಅವನ ಗಿರಾಕಿಗಳ ಮೊಮ್ಮಕ್ಕಳ ಹೆಸರೂ ಅವನಿಗೆ ಗೊತ್ತಿತ್ತು.

ನನ್ನ ಅಪ್ಪ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿ ಹಾಕುತ್ತಿದ್ದರು. ಆ ಜಾತ್ರೆ ಎರಡು ವರ್ಷಕ್ಕೊಮ್ಮೆ. ತೊಟ್ಟಿಲು, ಜೈಂಟ್ ವೀಲ್, ನಾಟಕದ ಡೇರೆ, ಎಲ್ಲ ಇರುತ್ತಿದ್ದವು. ಜಾತ್ರೆ ಮುಗಿದ ಮರುದಿನವೇ ಗೂಟ ಕಿತ್ತು ಮುಂದಿನ ಊರಿಗೆ ಹೊರಡುತ್ತಿದ್ದರು. ಖಾಲಿ ಬಯಲಿಗೆ ಎರಡು ವರ್ಷ ಬಾಡಿಗೆ ಕಟ್ಟಿ ಕಾಯುವ ಮಗ ಹುಟ್ಟಿದ್ದಾನೆ ಎಂದು ಅವರಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.

ಹಾಗಾಗಿ "ಎಷ್ಟು ವರ್ಷ" ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬಿರುಗಾಳಿ ಪಾರ್ಕನ್ನು ಮುಚ್ಚಿಸುತ್ತದೆ ನಿಜ, ಆದರೆ ಮುಚ್ಚಿಯೇ ಇರುವಂತೆ ಮಾಡುವುದು ಕಾಗದಗಳು. ಜಾಗ ಯಾರದ್ದು, ನಡೆಸುವವರು ಯಾರು, ವಿಮೆಯ ಹಣ ಯಾರ ಜೇಬಿಗೆ ಹೋಗುತ್ತದೆ, ಬಿರುಗಾಳಿಯ ಹಿಂದಿನ ವರ್ಷ ಪಾರ್ಕ್ ಲಾಭದಲ್ಲಿತ್ತೇ? ನ್ಯೂಜೆರ್ಸಿಯ ಸೀಸೈಡ್ ಹೈಟ್ಸ್‌ನಲ್ಲಿ ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲಿನ ಪಾರ್ಕ್ ಕ್ಯಾಸಿನೊ ಪಿಯರ್ ನೋಡಿ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಅಲ್ಲಿನ ಸ್ಟಾರ್ ಜೆಟ್ ಕೋಸ್ಟರ್ ಇಡಿಯಾಗಿ ಅಟ್ಲಾಂಟಿಕ್ ಸಮುದ್ರದಲ್ಲಿ ಕುಳಿತಿತ್ತು. ಚಿತ್ರ ನೋಡಿದವರೆಲ್ಲ ಆ ಕಟ್ಟೆಯ ಕಥೆ ಮುಗಿಯಿತು ಎಂದರು. ಅಲ್ಲಿ ನಡೆಸುವವರೇ ಒಡೆಯರು. ಮುಂದಿನ ಬೇಸಿಗೆಗೇ ಉಳಿದ ಭಾಗವನ್ನು ತೆರೆದರು, ಸಮುದ್ರದಲ್ಲಿದ್ದ ಕೋಸ್ಟರನ್ನು 2013ರ ಮೇ ತಿಂಗಳಲ್ಲಿ ಎತ್ತಿಸಿದರು. ಅದರ ಬದಲು ಹೈಡ್ರಸ್ ಎಂಬ ಹೊಸ ಕೋಸ್ಟರ್ ಬರಲು ಮಾತ್ರ 2017ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಕೋಸ್ಟರ್ ನೆಟ್ಟಗೆ ನಿಂತಿತ್ತು, ಒಡೆಯ ನಗರ, ನಡೆಸುವವನು ದೂರದ ಕಂಪನಿ.

ನ್ಯೂ ಆರ್ಲಿಯನ್ಸ್ ಪಾರ್ಕಿನ ಮುಂದಿನ ಕಥೆಯನ್ನೂ ಕೇಳಿಬಿಡಿ. ಅಂಗಡಿ ಮಳಿಗೆಗಳ ಸಂಕೀರ್ಣ ಎಂದರು, ಆಗಲಿಲ್ಲ. ಹಾಲಿವುಡ್‌ನವರು ಬಂದು ಡೈನೋಸಾರ್ ಚಿತ್ರ ಜುರಾಸಿಕ್ ವರ್ಲ್ಡ್‌ಗೆ ಅಲ್ಲಿ ಸೆಟ್ ಹಾಕಿದರು. ಜನರಿಲ್ಲದ ಪಾರ್ಕಿಗೆ ಅದೊಂದೇ ಒಳ್ಳೆಯ ಉಪಯೋಗ ಎಂದು ನನಗೆ ಅನ್ನಿಸಿತ್ತು. 2021ರಲ್ಲಿ ಬಾಯೂ ಫೀನಿಕ್ಸ್ ಎಂಬ ತಂಡವನ್ನು ನಗರ ಆರಿಸಿತು. ಕೆಡಹುವ ಕೆಲಸ ಶುರುವಾದದ್ದು 2024ರ ಕೊನೆಗೆ, ಕತ್ರಿನಾ ಬಂದು ಹತ್ತೊಂಬತ್ತು ವರ್ಷಗಳ ನಂತರ. ನಾನು ಹೇಳುತ್ತಿರುವುದು ಕಟ್ಟುವುದಕ್ಕೆ ಅಲ್ಲ, ಕೆಡಹುವುದಕ್ಕೆ ಹಿಡಿದ ಕಾಲ.

ಪಾರ್ಕ್ ಎಂದಿಗೂ ತೆರೆಯುವುದಿಲ್ಲ ಎಂದುಕೊಂಡು ನಿಮ್ಮ ಅಂಗಡಿಯ ಲೆಕ್ಕ ಹಾಕಿ. ಸುತ್ತಮುತ್ತ ಮನೆಗಳಲ್ಲಿ ರಾತ್ರಿ ಎಷ್ಟು ದೀಪ ಉರಿಯುತ್ತವೆ ಎಂದು ಒಂದು ವಾರ ಕಾರಿನಲ್ಲಿ ಸುತ್ತಿ ಎಣಿಸಿ. ಆ ದೀಪಗಳಿಂದಲೇ ಬಾಡಿಗೆ ಹುಟ್ಟುವುದಾದರೆ ಹಿಡಿಯಿರಿ, ಇಲ್ಲದಿದ್ದರೆ ಅಗ್ಗ ಎಂಬ ಮಾತನ್ನೇ ಮರೆತುಬಿಡಿ. ಕರಾರಿನ ಪ್ರತಿ ಕೈಗೆ ಬಂದ ಮೇಲೆ ಒಂದು ಉಪಕಾರ ಮಾಡಿ: ವೈಯಕ್ತಿಕ ಜಾಮೀನಿನ ಕಲಮು ಎಷ್ಟನೆಯ ಪುಟದಲ್ಲಿದೆ ಎಂದು ಇಲ್ಲೇ ಬರೆದು ತಿಳಿಸಿ. ಇಲ್ಲವೇ ಇಲ್ಲ ಎನ್ನುವುದಾದರೆ, ಎಲ್ಲಾ ಪುಟ ಓದಿದ್ದೀರಾ ಎಂದು ಮತ್ತೆ ಕೇಳುತ್ತೇನೆ, ಬೇಸರಿಸಬೇಡಿ.