ಪ್ರತಿಕ್ರಿಯೆ: ಕೊಯ್ಲಿನಲ್ಲಿ ಆರಾಧನೆ ತಪ್ಪಿದ್ದಕ್ಕೆ

ಅಕ್ಕಾ, ಕಾಫಿ ಕೊಯ್ಲಿನಿಂದಾಗಿ ಮೂರು ಭಾನುವಾರ ಚರ್ಚಿನ ಆರಾಧನೆ ತಪ್ಪಿತು, ದೇವರು ನನ್ನ ಕೈಬಿಟ್ಟನಾ ಅಂತ ಕೇಳಿದ್ದೀರಿ. ಇಲ್ಲ ಅಕ್ಕಾ, ಖಂಡಿತ ಇಲ್ಲ.

ನಾನೂ ಮೂಡಿಗೆರೆ ಕಡೆಯವಳು. ಹಣ್ಣು ಉದುರುವಾಗ ತೋಟ ಬಿಟ್ಟು ಬರೋಕೆ ಆಗಲ್ಲ ಅಂತ ಗೊತ್ತು. ಒಂದು ಕಾಲದಲ್ಲಿ ಉಪವಾಸ, ಪ್ರಾರ್ಥನೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಸಂಜೆ ತೋಟದ ಲೆಕ್ಕ ಬರೆಯುವ ರೈಟರು ಹಣ್ಣು ತೂಕ ಹಾಕಿ ಬರೆದುಕೊಳ್ಳುವ ಹಾಗೆ. ಒಂದು ದಿನ ತಪ್ಪಿದರೂ ನಿದ್ದೆ ಬರುತ್ತಿರಲಿಲ್ಲ.

ಬೈಬಲ್‌ನಲ್ಲಿ ಅಪೊಸ್ತಲ ಪೌಲ ಗಲಾತ್ಯದ ಸಭೆಗಳಿಗೆ ಬರೆದ ಪತ್ರವನ್ನು ನಿಧಾನವಾಗಿ ಓದಿ. ಯೇಸುವನ್ನು ನಂಬಿದರೆ ಸಾಲದು, ಸುನ್ನತಿಯೂ ಆಗಬೇಕು ಅಂತ ಕೆಲವರು ಅಲ್ಲಿ ಜನರನ್ನು ಗೊಂದಲಕ್ಕೆ ದೂಡಿದ್ದರು. ಪೌಲ ಸ್ವಲ್ಪವೂ ಬಗ್ಗಲಿಲ್ಲ. ನಿಯಮ ಪಾಲಿಸಿಯೇ ನೀತಿವಂತರಾಗಬಹುದಾದರೆ ಕ್ರಿಸ್ತ ಸತ್ತದ್ದೇ ವ್ಯರ್ಥ ಅನ್ನುತ್ತಾನೆ (2:21). ಎಫೆಸದವರಿಗೆ ಬರೆದದ್ದರಲ್ಲೂ (2:8) ರಕ್ಷಣೆ ದೇವರ ವರ ಅಂತಲೇ ಇದೆ. ವರಕ್ಕೆ ಹಾಜರಿ ಪುಸ್ತಕ ಯಾಕೆ, ಅಲ್ವಾ?

ಚರ್ಚಿಗೆ ಹೋಗೋದು ಬಿಟ್ಟುಬಿಡಿ ಅಂತಲ್ಲ. ಕೊಯ್ಲು ಮುಗಿದ ಮೇಲೆ ತವರಿಗೆ ಹೋಗುವ ಮಗಳ ಹಾಗೆ ಖುಷಿಯಾಗಿ ಹೋಗಿ. ಅಲ್ಲಿವರೆಗೆ ಸಂಜೆ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಬೈಬಲ್‌ನ ಒಂದು ಕೀರ್ತನೆ ಓದಿ.